ಕುರುಂದವಾಡದ ಸ್ಪೀಡ್ ಬೋಟು

ನಮ್ಮವರು ಕೊಲ್ಹಾಪುರದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಆಯಿಲ್ ಎಂಜಿನ್ನುಗಳ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪು ಅದು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆಗೆ ಅದರ ಹಿತ್ತಲಿನಲ್ಲಿ ದೋಣಿ ಕಟ್ಟುವ ಕೆಲಸ ಶುರುವಾಯಿತು. ಮಾಲೀಕರು ಮುಂಬಯಿಗೆ ಹೋದಾಗ ಸಮುದ್ರದಲ್ಲಿ ಸ್ಪೀಡ್ ಬೋಟು ನೋಡಿ ಬಂದಿದ್ದರು. ಅದು ನೀರನ್ನು ಸೀಳಿಕೊಂಡು ಹೋಗುವುದನ್ನು ದಂಡೆಯಲ್ಲಿ ನಿಂತು ನೋಡಿದ ಮೇಲೆ ಅವರಿಗೆ ಬೇರೆ ಮಾತೇ ಬರುತ್ತಿರಲಿಲ್ಲವಂತೆ. ಮನೆಮಾತು ಮರಾಠಿಯಾದರೂ ನಮ್ಮವರ ಜೊತೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು.

"ನಾವ ಎಂಜಿನ್ ಮಾಡೋ ಮಂದಿ. ನಮಗ ಬೋಟ್ ಮಾಡಾಕ ಆಗೂದಿಲ್ಲೇನು?" ಎಂದು ಕೇಳಿದರಂತೆ.

ಹಾಗೆ ಕೇಳಿದ ಮೇಲೆ ಕೊಲ್ಹಾಪುರದ ಟರ್ನರನೊಬ್ಬ ಆಗುವುದಿಲ್ಲ ಎನ್ನುತ್ತಾನೆಯೆ? ಕಬ್ಬಿಣದ ತಗಡು ಬಾಗಿಸಿ, ವೆಲ್ಡ್ ಮಾಡಿ, ಆರೇಳು ಜನ ಕೂರುವಷ್ಟು ಉದ್ದದ ದೋಣಿ ಕಟ್ಟಿದರು. ಗುಜರಿಯಲ್ಲಿ ಸಿಕ್ಕ ಹಳೆಯ ಜೀಪಿನ ಎಂಜಿನ್ನನ್ನು ಬಿಚ್ಚಿ ಹೊಸದರಂತೆ ಮಾಡಿ ಅದರೊಳಗೆ ಕೂರಿಸಿದರು. ನೀರನ್ನು ಹಿಂದಕ್ಕೆ ತಳ್ಳುವ ಪಂಖವನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದರು. ಮೊದಲನೆಯದು ಬಿರುಕು ಬಿಟ್ಟಿತು, ಎರಡನೆಯದರ ಒಂದು ಎಲೆ ದಪ್ಪವಾಯಿತು, ಮೂರನೆಯದನ್ನು ನಮ್ಮವರು ತಾವೇ ಕೂತು ಅರದಿಂದ ತಿಕ್ಕಿ ತಿಕ್ಕಿ ಸರಿ ಮಾಡಿದರು. ರಾತ್ರಿ ಊಟಕ್ಕೆ ಕೂತಾಗಲೂ ಅವರ ಕೈ ಗಾಳಿಯಲ್ಲಿ ಆ ಎಲೆಯ ತಿರುವನ್ನೇ ಸವರುತ್ತಿರುತ್ತಿತ್ತು. ನಾವಿದ್ದ ಚಾಳಿನ, ಅಂದರೆ ವಠಾರದ, ಒಂದೇ ಕೋಣೆಯ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ದೋಣಿಯ ಚಿತ್ರ ಬರೆದು ನನಗೆ ತೋರಿಸುತ್ತಿದ್ದರು. ನಾನು ಬೆಳಿಗ್ಗೆ ಅದನ್ನು ಒರೆಸುತ್ತಿದ್ದೆ. ಸಂಜೆ ಮತ್ತೆ ಬರೆಯುತ್ತಿದ್ದರು.

ನನಗೆ ದೋಣಿಗಿಂತ ನೀರಿನ ಮೇಲೆ ಆಸೆ. ನಾನು ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರದ ಒಂದು ಹಳ್ಳಿಯಲ್ಲಿ, ಹಿರಣ್ಯಕೇಶಿ ಹೊಳೆಯ ದಂಡೆಗೆ. ನಮ್ಮಪ್ಪನದು ಕುರಿ ಹಿಂಡು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಹಿಂಡನ್ನು ಹೊಳೆಯ ಮಡುವಿಗೆ ಇಳಿಸಿ ಈ ದಂಡೆಯಿಂದ ಆ ದಂಡೆಗೆ ಈಜಿಸುತ್ತಿದ್ದೆವು. ಮುಂದಿನ ಟಗರು ಇಳಿದರೆ ಉಳಿದವೆಲ್ಲ ತಾವಾಗಿ ಇಳಿಯುತ್ತವೆ. ಆದರೆ ನಡುನೀರಿನಲ್ಲಿ ಯಾವುದೋ ಒಂದು ದಾರಿ ತಪ್ಪಿ ಹರಿವಿನ ಜೊತೆಗೆ ಹೊರಟುಬಿಡುತ್ತದೆ. ಅದನ್ನು ತಿರುಗಿಸಲು ಮನೆಯ ಮಕ್ಕಳೆಲ್ಲ ಹಿಂಡಿನ ಎರಡೂ ಕಡೆ ಈಜುತ್ತಿದ್ದೆವು. ಗಂಡು ಹೆಣ್ಣು ಎಂಬ ಭೇದ ಆ ಕೆಲಸದಲ್ಲಿ ಇರಲಿಲ್ಲ. ನನಗೆ ಈಜು ಯಾವಾಗ ಬಂತು ಎಂದು ನೆನಪಿಲ್ಲ, ನಡೆಯುವುದು ಯಾವಾಗ ಬಂತು ಎಂಬುದು ನೆನಪಿಲ್ಲದ ಹಾಗೆ.

ಮದುವೆಯಾಗಿ ಕೊಲ್ಹಾಪುರಕ್ಕೆ ಬಂದ ಮೇಲೆ ನೀರು ಎಂದರೆ ಚಾಳಿನ ನಳ ಮತ್ತು ಎರಡು ಬಕೆಟ್ಟು. ವಾರಕ್ಕೊಮ್ಮೆ ಸಂಜೆ ರಂಕಾಳಾ ಕೆರೆಯ ಕಟ್ಟೆಗೆ ಹೋಗಿ ಭೇಳ್ ತಿನ್ನುತ್ತಿದ್ದೆವು. ಎದುರಿಗೆ ಅಷ್ಟು ನೀರು. ಅದನ್ನು ನೋಡುತ್ತ ನನ್ನ ಭುಜ ತಾನಾಗಿ ಅಲ್ಲಾಡುತ್ತಿತ್ತು.

"ನನಗ ಈಸಾಕ ಬರ್ತೈತ್ರಿ," ಎಂದು ಒಮ್ಮೆ ಹೇಳಿದೆ.

"ಹೌದಾ?" ಎಂದರು ನಮ್ಮವರು, ಹೋಳಿಗೆ ಮಾಡಲು ಬರುತ್ತದೆ ಎಂದಾಗ ಹೇಳಿದ ದನಿಯಲ್ಲೇ. ಆ ಮಾತು ಅಲ್ಲಿಗೇ ನಿಂತಿತು.

ದೋಣಿ ಮುಗಿದದ್ದು ಮಳೆಗಾಲ ಕಳೆದು ಚಳಿ ಇನ್ನೂ ಪೂರಾ ಬೀಳದ ದಿನಗಳಲ್ಲಿ. ವರ್ಕ್‌ಶಾಪಿನ ರಜೆ ಸೋಮವಾರ. ಹಿಂದಿನ ದಿನ ನಮ್ಮವರು ಬಂದವರೇ, "ನಾಳಿ ಬೋಟ್ ನೀರಿಗಿಳಸ್ತೇವಿ. ಕುರುಂದವಾಡಕ್ಕ ಹೋಗೂದೈತಿ, ಕೃಷ್ಣಾ ಹೊಳಿಗೆ. ನೀನೂ ಬರ್ತಿ," ಎಂದರು.

"ನಾ ಯಾಕ?"

"ಭಾರ ಬೇಕಂತ. ಮಂದಿ ಕುಂತ್ರ ಎಷ್ಟು ಮುಳಗತೈತಿ, ಹೆಂಗ ಓಡತೈತಿ, ನೋಡಬೇಕು. ಮಾಲೀಕರ ಹೆಂಡ್ತಿನೂ ಬರ್ತಾರ."

ಹೀಗೆ ನಾನು ಸ್ಪೀಡ್ ಬೋಟಿಗೆ ಹೊರಟದ್ದು ತೂಕದ ಕಲ್ಲಾಗಿ. ನನಗೇನೂ ಬೇಜಾರಾಗಲಿಲ್ಲ. ಕೃಷ್ಣೆಗೆ ಹೋಗಲು ಯಾವ ನೆಪವಾದರೂ ಸರಿ.

ಬೆಳಕು ಹರಿಯುವಾಗ ಟೆಂಪೋ ಹೊರಟಿತು. ಹಿಂದೆ ದೋಣಿಯನ್ನು ಗೋಣಿಚೀಲಗಳ ಮೇಲೆ ಮಲಗಿಸಿ ಹಗ್ಗ ಬಿಗಿದಿದ್ದರು. ಮಾಲೀಕರೂ ಅವರ ಹೆಂಡತಿಯೂ ಚಾಲಕನ ಪಕ್ಕ ಕೂತಿದ್ದರು. ಆಕೆಯನ್ನು ವರ್ಕ್‌ಶಾಪಿನವರೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ನೈಲಾನ್ ಸೀರೆ, ಕಪ್ಪು ಕನ್ನಡಕ, ಕೈಯಲ್ಲಿ ಥರ್ಮಾಸು. ಮರಾಠಿ ಬಿಟ್ಟರೆ ಬೇರೆ ಭಾಷೆ ಆಕೆಗೆ ಬರುತ್ತಿರಲಿಲ್ಲ, ಆದರೆ ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು. ನಾನೂ ನಮ್ಮವರೂ ಹಿಂದೆ ದೋಣಿಯೊಳಗೇ ಕೂತೆವು. ರಸ್ತೆಯ ಎರಡೂ ಕಡೆ ಕಬ್ಬು, ಅಲ್ಲಲ್ಲಿ ಬೆಲ್ಲದ ಗಾಣದ ಹೊಗೆ. ಟೆಂಪೋ ಕುಣಿದಾಗಲೆಲ್ಲ ನಮ್ಮವರು ಪಂಖದ ಕಡೆ ತಿರುಗಿ ನೋಡುತ್ತಿದ್ದರು.

ಇಚಲಕರಂಜಿಯಲ್ಲಿ ನಿಲ್ಲಬೇಕಿತ್ತು. ನನ್ನ ಅತ್ತೆ ಅಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಆತ ವಿದ್ಯುತ್ ಮಗ್ಗದ ಕೆಲಸಗಾರ. ಓಣಿ ತುಂಬ ಮಗ್ಗಗಳ ಖಟಖಟ. ಅಲ್ಲಿ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಾರೆ, ಅತ್ತೆ ಇನ್ನೂ ಗಟ್ಟಿ. ನಾವು ಅವರಿಗೆ ಒಂದು ಜೊತೆ ಚಪ್ಪಲಿ ಕೊಟ್ಟು ಮುಂದೆ ಹೋಗುವುದೆಂದು ತಾನೇ ಇದ್ದದ್ದು. ಅವರು ಚಪ್ಪಲಿಯನ್ನು ತಿರುಗಿಸಿಯೂ ನೋಡಲಿಲ್ಲ.

"ಎಲ್ಲಿಗಿ ಹೊಂಟೀರಿ?"

"ಕುರುಂದವಾಡಕ್ಕವ್ವಾ," ಎಂದರು ನಮ್ಮವರು.

"ಕುರುಂದವಾಡಕ್ಕ? ನನ್ನ ತವರಮನಿಗೆ ಹೋಗಾಕ ನನ್ನ ಬಿಟ್ಟ ಹೊಂಟಿ ಏನೋ?"

"ತವರಮನಿಗಲ್ಲವ್ವಾ, ಹೊಳಿಗೆ."

"ಹೊಳಿ ಯಾರದೋ? ನಂದ."

ಅತ್ತೆ ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಬುತ್ತಿಯ ಗಂಟು ಹಿಡಿದು ಬಂದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಬೆಲ್ಲ. ಹಸಿರು ಒಂಬತ್ತು ಗಜದ ಸೀರೆಯ ಕಚ್ಚೆಯನ್ನು ಬಿಗಿ ಮಾಡಿ, ಮಗನ ಕೈಯನ್ನೂ ಹಿಡಿಯದೆ ಟೆಂಪೋ ಹತ್ತಿ ದೋಣಿಯೊಳಗೆ ಕೂತರು. ವಯಸ್ಸು ಐವತ್ತು ದಾಟಿತ್ತು. ನಾನು ಅವರಿಗೆ ಅಂಜುತ್ತಿದ್ದೆ. ಬೈಯುತ್ತಿದ್ದರು ಅಂತಲ್ಲ, ಸೊಸೆ ಹೇಗೆ ಕೂರಬೇಕು, ಎಷ್ಟು ನಗಬೇಕು ಎಂಬುದಕ್ಕೆಲ್ಲ ಅವರ ಹತ್ತಿರ ಒಂದು ನೋಟವಿತ್ತು. ಅವರು ಬಂದದ್ದನ್ನು ನೋಡಿ ನನ್ನ ಮನಸ್ಸಿನಲ್ಲಿ ಈಜುವ ಆಸೆ ಸ್ವಲ್ಪ ಕುಗ್ಗಿತು. ಸ್ವಲ್ಪವೇ. ಬದಲಿ ಸೀರೆ ಚೀಲದ ತಳದಲ್ಲಿತ್ತು, ಅದನ್ನು ನಾನು ಸುಮ್ಮನೆ ತಂದಿರಲಿಲ್ಲ.

ಕುರುಂದವಾಡದ ಘಾಟಿನಲ್ಲಿ ದೋಣಿ ಇಳಿಸಲು ಅರ್ಧ ಊರೇ ಸೇರಿತು. ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಸಿದರು. ಮಳೆಗಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ಹತ್ತಾಳು ನೀರು ನಿಲ್ಲುತ್ತದೆ. ಈಗ ಹೊಳೆ ತನ್ನ ಪಾತ್ರದಲ್ಲಿ ತಿಳಿಯಾಗಿ, ಅಗಲವಾಗಿ ಹರಿಯುತ್ತಿತ್ತು. ಕೆಳಗೆಲ್ಲೋ ಒಡ್ಡು ಕಟ್ಟಿದ್ದರಿಂದ ನೀರು ಮೈದುಂಬಿ ನಿಧಾನವಾಗಿತ್ತು. ದಾರಿ ತೋರಿಸಲು ಊರಿನ ಒಬ್ಬ ಅಂಬಿಗನನ್ನು ಜೊತೆಗೆ ಕರೆದುಕೊಂಡೆವು. ಎಲ್ಲಿ ಮರಳು, ಎಲ್ಲಿ ಬಂಡೆ ಎಂದು ಆತ ದೋಣಿಯ ಮೂತಿಯಲ್ಲಿ ಕೂತು ಕೈ ಮಾಡಿ ತೋರಿಸಬೇಕು.

"ಮೊಸಳಿ ಅದಾವೇನೋ?" ಅತ್ತೆ ಕೇಳಿದರು.

"ಅದಾವ್ರಿ. ಖರೆ ಭಾಳ ಮ್ಯಾಲಿನ ಮಡುವಿನ್ಯಾಗ. ನಾವು ಹೋಗೋ ಕಡೆ ಇಲ್ಲರಿ."

"ಮೊದಲೂ ಅಲ್ಲೇ ಇದ್ದೂ," ಎಂದರು ಅತ್ತೆ, ಹಳೆಯ ನೆರೆಮನೆಯವರ ವಿಳಾಸ ಖಾತ್ರಿ ಮಾಡಿಕೊಂಡವರ ಹಾಗೆ.

ಮಾಲೀಕರು ಚಾವಿ ತಿರುಗಿಸಿದರು. ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹಿಡಿಯಿತು. ಘಾಟಿನ ಮೇಲಿದ್ದವರು ಕೂಗು ಹಾಕಿದರು. ಮೊದಲು ನಿಧಾನವಾಗಿ ನಡುನೀರಿಗೆ ಹೋದೆವು. ಆಮೇಲೆ ಮಾಲೀಕರು ವೇಗ ಏರಿಸುವ ಗ್ಯಾಸಿನ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರು.

ದೋಣಿಯ ಮೂತಿ ಮೇಲೆದ್ದಿತು. ನನ್ನ ಬೆನ್ನು ಹಿಂದಕ್ಕೆ ಬಿತ್ತು. ಎರಡೂ ಕಡೆ ನೀರು ರೆಕ್ಕೆಯಾಗಿ ಎದ್ದು ಬಿಳಿಯಾಗಿ ಬೀಳುತ್ತಿತ್ತು. ದಂಡೆಯ ಕಬ್ಬು, ಬಟ್ಟೆ ಒಗೆಯುವವರು, ಎಮ್ಮೆಗಳು ಎಲ್ಲ ಒಟ್ಟಿಗೆ ಹಿಂದಕ್ಕೆ ಓಡಿದವು. ನಾನು ಅದುವರೆಗೆ ಕಂಡ ಅತಿ ದೊಡ್ಡ ವೇಗ ಗಡಹಿಂಗ್ಲಜದ ಎಸ್.ಟಿ. ಬಸ್ಸಿನದು. ವೈನಿ ಎರಡೂ ಕೈಯಿಂದ ನನ್ನ ತೋಳು ಹಿಡಿದು "ಅಗ ಬಾಯೀ, ಅಗ ಬಾಯೀ" ಎನ್ನುತ್ತಿದ್ದರು. ಅವರ ಕಪ್ಪು ಕನ್ನಡಕ ಯಾವಾಗಲೋ ಹಾರಿ ಕೃಷ್ಣೆಗೆ ಅರ್ಪಣೆಯಾಗಿತ್ತು. ನಮ್ಮವರು ಎಂಜಿನ್ನಿನ ಮೇಲೆ ಕಿವಿಯಿಟ್ಟು ಕೂತಿದ್ದರು, ಮುಖದಲ್ಲಿ ಹೇಳಲಾಗದ ಸಂತೋಷ. ಅತ್ತೆ ಮಾತ್ರ ಹಲಗೆಯ ಮೇಲೆ ನೆಟ್ಟಗೆ ಕೂತು ನೀರನ್ನೇ ನೋಡುತ್ತಿದ್ದರು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು, ಅದನ್ನು ಅವರು ಮೇಲೆ ಎಳೆದುಕೊಳ್ಳಲಿಲ್ಲ.

ಮೊದಲ ನಡುಗಡ್ಡೆ ಬರೀ ಮರಳು. ಅಲ್ಲಿ ಇಳಿದೆವು, ಗಂಡಸರು ಅಂಗಿ ಕಳೆದು ನೀರಿಗೆ ಹಾರಿದರು. ನಮ್ಮವರ ಈಜು ಬಾವಿಯ ಈಜು. ಧುಮುಕುವಾಗ ಭಾರಿ ಸದ್ದು, ಆಮೇಲೆ ಸ್ವಲ್ಪ ದೂರ, ಆಮೇಲೆ ದಂಡೆ. ಮಾಲೀಕರಿಗೆ ಈಜು ಬರುತ್ತಿರಲಿಲ್ಲ. ಸೊಂಟದ ನೀರಿನಲ್ಲಿ ನಿಂತು ತಂಬಿಗೆಯಿಂದ ಮೈಮೇಲೆ ಹೊಯ್ದುಕೊಂಡರು. ನಾವು ಹೆಂಗಸರು ಮರಳಿನಲ್ಲಿ ಕೂತು ಕಾಲನ್ನಷ್ಟೇ ನೆನೆಸಿಕೊಂಡೆವು. ನನ್ನ ಕಾಲ್ಬೆರಳುಗಳಿಗೆ ಹೊಳೆ ತಾಗುತ್ತಿತ್ತು, ಅದು ಸಾಲದಾಗಿತ್ತು.

ಅಲ್ಲಿಂದ ಮುಂದಕ್ಕೆ ಮಾಲೀಕರು ಎಲ್ಲರಿಗೂ ಒಂದೊಂದು ಸಲ ದೋಣಿ ನಡೆಸಲು ಕೊಟ್ಟರು. ಅವರದು ಉದಾರ ಮನಸ್ಸು. ತಾವು ಮಾಡಿಸಿದ ವಸ್ತುವನ್ನು ಬೇರೆಯವರು ಮುಟ್ಟಿ ನೋಡಿದರೇ ಅವರಿಗೆ ಖುಷಿ. ವೈನಿ ಚುಕ್ಕಾಣಿ ಹಿಡಿದು ಎರಡು ಸುತ್ತು ತಿರುಗಿಸಿ ಕಿರುಚಿ ಬಿಟ್ಟರು. ನನ್ನ ಸರದಿ ಬಂದಾಗ ನಮ್ಮವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. "ಇದು ಚಾವಿ. ಇದು ಚೋಕ್, ಎಂಜಿನ್ ತಣ್ಣಗಿದ್ರ ಎಳೀಬೇಕು. ಇದು ಗ್ಯಾಸ್. ತಿರಗೂ ಮುಂದ ಗ್ಯಾಸ್ ಕಮ್ಮಿ ಮಾಡು." ನೆಲದ ಮೇಲಿನ ಸೀಮೆಸುಣ್ಣದ ಚಿತ್ರವನ್ನು ಎಷ್ಟು ಬೆಳಿಗ್ಗೆ ಒರೆಸಿದ್ದೆನೋ, ಎಲ್ಲ ಪರಿಚಯದ್ದೇ ಅನ್ನಿಸಿತು. ಉದ್ದಕ್ಕೆ ನೆಟ್ಟಗೆ ಹೊಡೆದೆ. ಮಾಲೀಕರು "ಶಾಬ್ಬಾಸ್" ಎಂದರು. ಅತ್ತೆ ಮಾತ್ರ ತಮ್ಮ ಸರದಿಯನ್ನು ಕೈಯಾಡಿಸಿ ಬೇಡವೆಂದರು.

ಎರಡನೆಯ ನಡುಗಡ್ಡೆ ದೊಡ್ಡದು. ಒಂದು ತುದಿಯಲ್ಲಿ ಜಾಲಿ ಮರಗಳ ಗುಂಪು, ಇನ್ನೊಂದು ತುದಿಯಲ್ಲಿ ಇಳಿಜಾರು ಮರಳು, ಅದರ ಮುಂದೆ ಸ್ವಚ್ಛವಾದ ಮಡು. ಈಜಲು ಅದಕ್ಕಿಂತ ಒಳ್ಳೆಯ ಜಾಗ ನಾನು ಇವತ್ತಿಗೂ ನೋಡಿಲ್ಲ. ಅಂಬಿಗನ ಬೀಗರ ಊರು ಎದುರು ದಂಡೆಗೇ ಇತ್ತು. ಮಜ್ಜಿಗೆ ತರುತ್ತೇನೆಂದು ಆತ ಅಲ್ಲಿ ಇಳಿದುಕೊಂಡ. ಹಿಂದಿರುಗುವಾಗ ಕರೆದುಕೊಳ್ಳುವುದೆಂದು ಮಾತಾಯಿತು. ನಾವು ಐವರು ನಡುಗಡ್ಡೆಯಲ್ಲಿ ಇಳಿದೆವು. ನಮ್ಮವರು ಹಸಿ ಮರಳಿನಲ್ಲಿ ಕಬ್ಬಿಣದ ಗೂಟ ಬಡಿದು ದೋಣಿ ಕಟ್ಟಿದರು. ಅತ್ತೆಯ ಬುತ್ತಿ ಬಿಚ್ಚಿ ಉಂಡೆವು. ವೈನಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು ಮೂರು ರೊಟ್ಟಿ ತಿಂದರು. ಉಂಡ ಮೇಲೆ ಗಂಡಸರಿಬ್ಬರೂ ಜಾಲಿಯ ನೆರಳಿಗೆ ಹೋಗಿ, ಎಂಜಿನ್ನಿನ ಸುದ್ದಿ ಮಾತಾಡುತ್ತ ಮಾತಾಡುತ್ತಲೇ ನಿದ್ದೆ ಹೋದರು.

ಗೊರಕೆ ಕೇಳಿಸಿದ್ದೇ ನಾನು ಎದ್ದೆ.

"ಅತ್ತಿ, ನಾ ನೀರಿಗಿಳೀತೇನಿ," ಎಂದೆ. ಕೇಳಲಿಲ್ಲ, ಹೇಳಿದೆ. ಹಾಗೆ ಹೇಳಿದ್ದು ನನಗೇ ಹೊಸದು.

ಅವರು ನನ್ನನ್ನು ನೋಡಿದರು. ಆ ನೋಟವಲ್ಲ, ಬೇರೆ. "ಆಳ ಐತಿ ಅಲ್ಲಿ."

"ಅದಕ್ಕ ಹೊಂಟೇನಿ."

ಕಚ್ಚೆಯಿಲ್ಲದೆ ಉಟ್ಟಿದ್ದ ದುಂಡು ಸೀರೆಯನ್ನು ಮೇಲೆ ಕಟ್ಟಿ ಕಚ್ಚೆ ಹಾಕಿ ಸೆರಗನ್ನು ಸೊಂಟಕ್ಕೆ ಬಿಗಿದೆ. ನಾಲ್ಕು ಹೆಜ್ಜೆ ಮರಳು, ಐದನೆಯದಕ್ಕೆ ನೆಲವಿಲ್ಲ. ತಣ್ಣೀರು ತಲೆಯ ಮೇಲೆ ಮುಚ್ಚಿಕೊಂಡಿತು. ಎಷ್ಟೋ ವರ್ಷ ಆಗಿತ್ತು. ಕೈಕಾಲು ಏನೂ ಮರೆತಿರಲಿಲ್ಲ. ಮಡುವಿನ ನಡುವೆ ಎದ್ದು ಉಸಿರು ತೆಗೆದುಕೊಂಡು, ಒಂದು ದೊಡ್ಡ ಸುತ್ತು ಹೊಡೆದು, ಬೆನ್ನ ಮೇಲೆ ಮಲಗಿ ಆಕಾಶ ನೋಡಿದೆ. ಅಳು ಬರುವಷ್ಟು ಸುಖವಾಯಿತು.

ದಂಡೆಯಿಂದ ಅತ್ತೆಯ ದನಿ ಬಂತು. "ಏ! ಅದೇನ ಈಸೂದು? ನಾಯಿ ಈಸಿದಂಗ ಈಸಾಕತ್ತಿ!"

"ನೀವರ ಬಂದ ತೋರಸ್ರಿ!" ಎಂದುಬಿಟ್ಟೆ. ನೀರಿನಲ್ಲಿರುವಾಗ ಬಾಯಿಗೆ ಬೇರೆಯೇ ಧೈರ್ಯ.

ಅತ್ತೆ ಕಿವಿಯ ಬುಗುಡಿ ಬಿಚ್ಚಿ ವೈನಿಯ ಕೈಗೆ ಕೊಟ್ಟರು. ಕಚ್ಚೆಯನ್ನು ಮತ್ತೊಮ್ಮೆ ಬಿಗಿದರು. ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದರು, ಮತ್ತು ನೆಲ ತಪ್ಪುವ ಜಾಗದಲ್ಲಿ ಸದ್ದೇ ಇಲ್ಲದೆ ಮುಂದಕ್ಕೆ ಜಾರಿದರು. ಒಂದು ಕೈ ಮುಂದೆ, ಮೈ ಓರೆ, ಕಾಲು ಕತ್ತರಿಯ ಹಾಗೆ. ನನ್ನ ಪಕ್ಕದಿಂದ ಹಾದುಹೋದಾಗ ನೀರು ಕದಡಲೂ ಇಲ್ಲ. ಮಡುವಿನ ಆಚೆಯ ಅಂಚಿಗೆ ಮುಟ್ಟಿ ತಿರುಗಿ ಬಂದು ನನ್ನೆದುರು ತೇಲುತ್ತ ಮುಖದ ನೀರು ಒರೆಸಿಕೊಂಡರು.

"ಹಿಂಗ," ಎಂದರು.

ನಾನು ಬಾಯಿ ತೆರೆದು ನೋಡುತ್ತಿದ್ದೆ, ನೀರು ಕುಡಿದೆ. ಇಬ್ಬರೂ ನಗಲು ಶುರುಮಾಡಿದೆವು. ಅವರು ಅಷ್ಟು ನಗುವುದನ್ನು ನಾನು ನೋಡಿರಲೇ ಇಲ್ಲ.

ಈಜುತ್ತಲೇ ಅವರು ಹೇಳಿದರು. ಹುಡುಗಿಯಾಗಿದ್ದಾಗ ಮಹಾಪೂರ ಬಂದರೆ ದಂಡೆಯ ಹೊಲದಲ್ಲಿ ಸಿಕ್ಕಿಕೊಂಡ ಎಮ್ಮೆಗಳನ್ನು ಬಿಡಿಸಿ ತರುವುದು ಅವರ ಕೆಲಸವಂತೆ. ಎಮ್ಮೆಯ ಬಾಲ ಹಿಡಿದು ಊರಿಗೆ ಬರುತ್ತಿದ್ದರಂತೆ.

"ಮದವಿ ಆತು. ನಿಮ್ಮ ಮಾವನ ಊರಾಗ ಹೊಳಿನೂ ಇಲ್ಲ, ಕೆರಿನೂ ಇಲ್ಲ. ಬಾವಿ ಇತ್ತು, ಖರೆ ಬಾವಿಗೆ ಹೆಣ್ಮಕ್ಕಳು ಇಳೀಬಾರದಂದ್ರು. ಹಂಗ ಬಿಟ್ಟಹೋತು."

"ನನಗ ಯಾಕ ಹೇಳಲಿಲ್ರಿ?"

"ನೀ ಹೇಳಿದೇನು?"

ಇಷ್ಟರಲ್ಲಿ ವೈನಿಯ ಸಹನೆ ಮುಗಿದಿತ್ತು. ಬುಗುಡಿಯನ್ನು ತಮ್ಮ ಕಿವಿಗೇ ಸಿಕ್ಕಿಸಿಕೊಂಡು, ನೈಲಾನ್ ಸೀರೆಯಲ್ಲೇ ಮೊಣಕಾಲುದ್ದದ ನೀರಿಗೆ ಬಂದು ನಿಂತಿದ್ದರು. "ಮಲಾ ಪಣ ಶಿಕವಾ ಕೀ!" ನನಗೂ ಕಲಿಸಿ ಎಂದು ಹಟ. ಅವರನ್ನು ತೊಡೆಯುದ್ದದ ನೀರಿನಲ್ಲಿ ಬೆನ್ನ ಮೇಲೆ ಮಲಗಿಸಿ ಅತ್ತೆ ತಲೆಗೆ ಕೈಕೊಟ್ಟರು, ನಾನು ಸೊಂಟಕ್ಕೆ. ಮೂರು ಸಲ ಮುಳುಗಿ ಕೆಮ್ಮಿದರು. ನಾಲ್ಕನೆಯ ಸಲ ಮೈ ಸಡಿಲ ಬಿಟ್ಟರು. ನಾವು ಕೈ ತೆಗೆದೆವು. ತೇಲಿದರು. ಕಣ್ಣು ಮುಚ್ಚಿ ತೇಲುತ್ತಿದ್ದವರು ಕಣ್ಣು ತೆರೆದು ಅತ್ತಿತ್ತ ಹೊರಳಿಸಿದರು. ಅವರೇ ಮೊದಲು ನೋಡಿದ್ದು.

"ಅಗ, ಬೋಟ್! ಬೋಟ್ ಚಾಲಲೀ!"

ದೋಣಿ ಹೊರಟಿತ್ತು. ಮಧ್ಯಾಹ್ನದ ಗಾಳಿ ಎದ್ದು, ಅಲೆಗೆ ಅದು ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಹಸಿ ಮರಳಿನಿಂದ ಕಿತ್ತುಕೊಂಡಿತ್ತು. ಹಗ್ಗವನ್ನು ಬಾಲದ ಹಾಗೆ ಎಳೆದುಕೊಂಡು, ಆಗಲೇ ಒಂದು ಹೊಲದಷ್ಟು ದೂರದಲ್ಲಿ, ಗಾಳಿಗೆ ಓರೆಯಾಗಿ ಕೆಳಹರಿವಿಗೆ ಹೋಗುತ್ತಿತ್ತು. ಕೆಳಗೆ ಹೊಳೆ ತಿರುಗುವ ಕಡೆ ಬಂಡೆಗಳಿದ್ದವು. ಬರುವಾಗ ಅಂಬಿಗ ಕೈ ಮಾಡಿ ತೋರಿಸಿದ್ದ.

ನಮ್ಮವರನ್ನು ಕೂಗಿ ಎಬ್ಬಿಸಿ, ಅವರು ನಡುಗಡ್ಡೆಯ ಆ ತುದಿಯಿಂದ ಓಡಿ ಬರುವವರೆಗೆ ಕಾಯುವಂತಿರಲಿಲ್ಲ. ಬಂದರೂ ಅವರದು ಬಾವಿಯ ಈಜು. "ವೈನಿ, ತ್ಯಾಂನಾ ಉಠವಾ!" ಅವರನ್ನೆಬ್ಬಿಸಿ ಎಂದು ಹೇಳಿ ನಾನು ಹೊರಟೆ. ನೇರ ದೋಣಿಯ ಹಿಂದೆ ಹೋಗಲಿಲ್ಲ. ಹರಿವಿನ ಜೊತೆ ಹೊರಟ ಕುರಿಯನ್ನು ಹಿಂದಿನಿಂದ ಯಾರೂ ಹಿಡಿಯುವುದಿಲ್ಲ; ಮುಂದೆ ಹೋಗಿ ಅಡ್ಡ ನಿಲ್ಲಬೇಕು. ದೋಣಿ ಎಲ್ಲಿಗೆ ಬರುತ್ತದೋ ಆ ಜಾಗ ನೋಡಿ ಓರೆಯಾಗಿ ಈಜಿದೆ. ಸ್ವಲ್ಪ ದೂರ ಹೋದ ಮೇಲೆ ಬಲಕ್ಕೆ ನೋಡಿದರೆ ಅತ್ತೆ. ಅವರೂ ಅದೇ ಜಾಗಕ್ಕೆ ಗುರಿಯಿಟ್ಟಿದ್ದರು.

"ನೀವ್ಯಾಕ ಬಂದ್ರಿ!"

"ಮಾತಾಡಬ್ಯಾಡ, ಉಸರ ಹಿಡಿ!"

ನಡುಹೊಳೆಯಲ್ಲಿ ಅಲೆ ಜೋರಿತ್ತು. ಒಮ್ಮೆ ದೋಣಿ ಕಾಣುತ್ತಿತ್ತು, ಒಮ್ಮೆ ಬರೀ ನೀರು. ತೋಳು ಸೋತಿತು ಅನ್ನಿಸಿದ್ದು ನಿಜ, ಆದರೆ ಸಿಗುವುದಿಲ್ಲ ಎಂದು ಒಮ್ಮೆಯೂ ಅನ್ನಿಸಲಿಲ್ಲ. ದೋಣಿ ತಾನಾಗಿ ನಮ್ಮ ಕಡೆಗೆ ಬಂತು. ಹಗ್ಗ ಕೈಗೆ ಸಿಕ್ಕಿತು. ಅತ್ತೆಯೂ ಬಂದು ಹಗ್ಗ ಹಿಡಿದರು. ಆಗ ಅವರ ಮುಖ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ತುಟಿ ಬಿಳಚಿತ್ತು, ಉಸಿರು ತುಂಡು ತುಂಡಾಗಿ ಬರುತ್ತಿತ್ತು.

"ಅತ್ತಿ, ಹಗ್ಗ ಬಿಡಬ್ಯಾಡ್ರಿ."

"ನಾ ಬಿಡೂದಿಲ್ಲ. ನೀ ಹತ್ತು."

ದೋಣಿಯ ಅಂಚು ಎತ್ತರ. ಎರಡು ಸಲ ಜಾರಿದೆ. ಮೂರನೆಯ ಸಲ ಅತ್ತೆ ನೀರಿನೊಳಗೆ ಮುಳುಗಿ ನನ್ನ ಪಾದಕ್ಕೆ ಹೆಗಲು ಕೊಟ್ಟರು. ಅವರ ಹೆಗಲ ಮೇಲೆ ಕಾಲಿಟ್ಟು ಒಳಗೆ ಬಿದ್ದೆ. ಬೇರೆ ದಿನವಾಗಿದ್ದರೆ ಅತ್ತೆಗೆ ಕಾಲು ತಾಗಿದ್ದಕ್ಕೆ ಮೂರು ಸಲ ನಮಸ್ಕಾರ ಮಾಡಬೇಕಿತ್ತು. ತಿರುಗಿ ಬಗ್ಗಿ ಅವರ ಎರಡೂ ರಟ್ಟೆ ಹಿಡಿದು ಎಳೆದೆ, ಸಾಲಲಿಲ್ಲ. ಬೆನ್ನ ಹಿಂದಿನ ಕಚ್ಚೆಗೆ ಕೈ ಹಾಕಿ ಮೂಟೆಯ ಹಾಗೆ ಮೇಲಕ್ಕೆಳೆದೆ. ಇಬ್ಬರೂ ದೋಣಿಯ ತಳದಲ್ಲಿ ಬಿದ್ದು ಏದುಸಿರು ಬಿಟ್ಟೆವು. ಅವರ ತುಟಿಗೆ ಬಣ್ಣ ಬರುವವರೆಗೂ ನಾನು ಅವರ ಅಂಗೈ ತಿಕ್ಕಿದೆ.

"ಬಂಡಿ ಬಂದೂ ನೋಡು," ಎಂದರು ಅತ್ತೆ. ಬಂಡೆಗಳು ನಿಜಕ್ಕೂ ಹತ್ತಿರವಾಗಿದ್ದವು. "ಇದನ್ನ ಚಾಲೂ ಮಾಡಾಕ ಬರ್ತೈತೇನು ನಿನಗ?"

"ಬರ್ತೈತ್ರಿ."

ಚಾವಿ ಅಲ್ಲೇ ಇತ್ತು. ತಿರುಗಿಸಿದೆ, ಎಂಜಿನ್ನು ಗೊರಗೊರ ಎಂದು ನಿಂತಿತು. ಮತ್ತೆ ತಿರುಗಿಸಿದೆ, ಮತ್ತೆ ಹಾಗೇ. ಆಗ ಚೋಕ್ ನೆನಪಾಯಿತು. ಎಳೆದು ತಿರುಗಿಸಿದೆ, ಹಿಡಿಯಿತು. ಆ ಸದ್ದಿನಷ್ಟು ಇಂಪಾದ ಸದ್ದು ಇನ್ನೊಂದಿಲ್ಲ ಎಂದು ನಮ್ಮವರು ಯಾಕೆ ಹೇಳುತ್ತಿದ್ದರೋ ಅವತ್ತು ತಿಳಿಯಿತು. ಚುಕ್ಕಾಣಿಯನ್ನು ಪೂರಾ ತಿರುಗಿಸಿ ನಡುಗಡ್ಡೆಯ ಕಡೆ ಮುಖ ಮಾಡಿದೆ. ಅತ್ತೆ ಮೂತಿಯಲ್ಲಿ, ಅಂಬಿಗ ಕೂತಿದ್ದ ಜಾಗದಲ್ಲಿ ಹೋಗಿ ಕೂತು, "ಎಡಕ್ಕ ತುಗೋ, ಅಲ್ಲಿ ಮರಳೈತಿ. ಈಗ ನೆಟ್ಟಗ," ಎಂದು ಕೈ ಮಾಡತೊಡಗಿದರು. ಆ ಹೊಳೆಯ ತಳ ಅವರಿಗೆ ಇನ್ನೂ ನೆನಪಿತ್ತು.

ನಡುಗಡ್ಡೆಯ ತುದಿಯಲ್ಲಿ ಮೂವರೂ ನಿಂತಿದ್ದರು. ನಮ್ಮವರು ಮೊಣಕಾಲ ನೀರಿನವರೆಗೆ ಓಡಿ ಬಂದು ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಸಂತೋಷಕ್ಕೆ ಎಂದುಕೊಂಡೆ. ಹತ್ತಿರ ಬಂದ ಮೇಲೆ ಕೇಳಿಸಿತು: "ಗ್ಯಾಸ್ ಕಮ್ಮಿ ಮಾಡು! ಗ್ಯಾಸ್!" ಕಮ್ಮಿ ಮಾಡಿದೆ, ಆದರೆ ತಡವಾಗಿತ್ತು. ನಮ್ಮವರು ಪಕ್ಕಕ್ಕೆ ಹಾರಿಕೊಂಡರು, ದೋಣಿ ಮರಳಿನ ಮೇಲೆ ಕರಕರ ಎಂದು ಹತ್ತಿ ನಿಂತಿತು. ಎಂಜಿನ್ನು ಕೆಮ್ಮಿ ಆರಿತು.

ನಮ್ಮವರು ಮೊದಲು ದೋಣಿಯ ಹಿಂದಕ್ಕೆ ಹೋಗಿ ಬಗ್ಗಿ ಪಂಖ ನೋಡಿದರು. ಒಂದು ಎಲೆ ಮಣಿದಿತ್ತು. ಆಮೇಲೆ ತಾಯಿಯನ್ನು ನೋಡಿದರು. ಕೂದಲು ಬಿಚ್ಚಿ, ಸೀರೆ ಮೈಗಂಟಿ, ಮೂತಿಯ ಮೇಲೆ ಕಾಲು ಚಾಚಿ ಕೂತಿದ್ದ ತಾಯಿಯನ್ನು. ಆಮೇಲೆ ನನ್ನನ್ನು.

"ನಿನಗ ಈಸಾಕ ಬರ್ತೈತಲ್ಲ!" ಎಂದರು.

"ಹೇಳಿದ್ನಲ್ಲರಿ," ಎಂದೆ.

"ನನಗೂ ಬರ್ತೈತಿ," ಎಂದರು ಅತ್ತೆ. "ನನ್ನ ಯಾರೂ ಕೇಳಲೇ ಇಲ್ಲ."

ಮಾಲೀಕರು ಎರಡೂ ಕೈಯೆತ್ತಿ ಅತ್ತೆಗೆ ನಮಸ್ಕಾರ ಮಾಡಿದರು. ವೈನಿ ಓಡಿ ಬಂದು ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತರು, ನಕ್ಕರು, ತಾವು ತೇಲಿದ್ದನ್ನು ಗಂಡನಿಗೆ ಇನ್ನೂ ಹೇಳಿಯೇ ಇಲ್ಲ ಎಂದು ನೆನಪಾಗಿ ಅದನ್ನು ಹೇಳಲು ಶುರುಮಾಡಿದರು. ಬುಗುಡಿ ಅವರ ಕಿವಿಯಲ್ಲೇ ಇತ್ತು.

ಮಣಿದ ಪಂಖದಿಂದ ದೋಣಿ ನಡುಗುತ್ತಿತ್ತು, ಹಿಂದಿರುಗುವಾಗ ವೇಗ ಹಿಡಿಯಲಿಲ್ಲ. ನಿಧಾನವಾಗಿ ಹೋದದ್ದೇ ಒಳ್ಳೆಯದಾಯಿತು. ಬೆಳ್ಳಕ್ಕಿಗಳು ಗೂಡಿಗೆ ಹೋಗುತ್ತಿದ್ದವು, ದಂಡೆಯಲ್ಲಿ ಎಮ್ಮೆಗಳು ಎದ್ದು ಮನೆಯ ದಾರಿ ಹಿಡಿದಿದ್ದವು. ಅಂಬಿಗ ಮಜ್ಜಿಗೆಯ ಕೊಡ ಹಿಡಿದು ದಂಡೆಯಲ್ಲಿ ಕಾಯುತ್ತಿದ್ದ. ನಡೆದದ್ದನ್ನು ಕೇಳಿ ಅತ್ತೆಯನ್ನು ದಿಟ್ಟಿಸಿ ನೋಡಿ, ಅವರ ತವರಿನ ಮನೆತನ ಕೇಳಿದ. ಹೇಳಿದರು.

"ಎಮ್ಮಿ ತರತಿದ್ದ ಆ ಹುಡಿಗಿ ನೀವೇನ್ರಿ?" ಎಂದ. "ನಮ್ಮಪ್ಪ ಹೇಳ್ತಿದ್ದ ನಿಮ್ಮ ಸುದ್ದಿ."

ಅತ್ತೆ ಮಜ್ಜಿಗೆಯ ಲೋಟ ಎತ್ತಿ ಕುಡಿದರು. ಆ ಮಾತು ಅವರನ್ನು ಎಷ್ಟು ಮುಟ್ಟಿತೆಂದು ಅವರು ಲೋಟ ಹಿಡಿದ ರೀತಿಯಲ್ಲೇ ಗೊತ್ತಾಯಿತು.

ದೋಣಿಯನ್ನು ಮಾಲೀಕರು ಕೊಲ್ಹಾಪುರಕ್ಕೆ ವಾಪಸು ತರಲಿಲ್ಲ. ಹೊಸ ಪಂಖ ಹಾಕಿಸಿ ಅಂಬಿಗನ ಉಸ್ತುವಾರಿಯಲ್ಲಿ ಕುರುಂದವಾಡದಲ್ಲೇ ಬಿಟ್ಟರು. ಮುಂದಿನ ಮಳೆಗಾಲ ನೀರು ಊರೊಳಗೆ ಬಂದಾಗ ಅದರಲ್ಲಿ ಮುದುಕರನ್ನೂ ಬಾಣಂತಿಯರನ್ನೂ ಸಾಗಿಸಿದರಂತೆ. ಅದನ್ನು ಕೇಳಿದ ದಿನ ನಮ್ಮವರು ಪೇಢೆ ತಂದು ಚಾಳಿನವರಿಗೆಲ್ಲ ಹಂಚಿದರು. ಚಳಿಗಾಲ ಬಂದರೆ ನಾವು ಐವರೂ ಅಲ್ಲಿಗೆ ಹೋಗುತ್ತಿದ್ದೆವು. ನಾಲ್ಕು ವರ್ಷ ಹೋದೆವು. ವೈನಿ ಎರಡನೆಯ ವರ್ಷಕ್ಕೆ ಮಡು ದಾಟಿದರು. ನನ್ನನ್ನು ಮತ್ತೆ ಯಾರೂ ತೂಕಕ್ಕೆಂದು ಕರೆಯಲಿಲ್ಲ. ಹೋಗುವಾಗ ದೋಣಿ ಮಾಲೀಕರು ನಡೆಸಿದರೆ ಬರುವಾಗ ನಾನು.

ಇಚಲಕರಂಜಿಯ ಓಣಿಯಲ್ಲಿ ಅತ್ತೆ ಈ ಕಥೆಯನ್ನು ಮಗ್ಗದ ಸದ್ದಿಗೂ ಮೇಲೆ ಕೇಳುವ ಹಾಗೆ ಹೇಳುತ್ತಿದ್ದರು. ಕೇಳಿದ ಹೆಂಗಸರು ಸುಮ್ಮನಿರಲಿಲ್ಲ. ನೂಲು ಸುತ್ತುವ ಕೆಲಸದ ನಾಲ್ಕೈದು ಮಂದಿ, ಆಮೇಲೆ ಅವರ ಹೆಣ್ಣುಮಕ್ಕಳು, ರಜೆಯ ದಿನ ಬೆಳಿಗ್ಗೆ ಅತ್ತೆಯ ಹಿಂದೆ ಪಂಚಗಂಗೆಯ ಘಾಟಿಗೆ ಹೋಗತೊಡಗಿದರು. ನಾನೂ ಕೆಲವು ಸಲ ಕೊಲ್ಹಾಪುರದಿಂದ ಮೊದಲ ಬಸ್ಸು ಹಿಡಿದು ಹೋಗಿದ್ದೇನೆ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡ ಹುಡುಗಿಯರು ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದರೆ, ಅತ್ತೆ ಕೊನೆಯ ಮೆಟ್ಟಿಲಿನ ಮೇಲೆ ಹಸಿರು ಸೀರೆಯ ಕಚ್ಚೆ ಬಿಗಿದು ನಿಂತು, "ನೀರಿಗೆ ಹೊಡೀಬ್ಯಾಡ್ರೇ, ಅದನ್ನ ಹಿಂದಕ ನೂಕರಿ," ಎಂದು ಕೂಗುತ್ತಿದ್ದರು. ಅವರಲ್ಲಿ ಹೆಚ್ಚಿನವರು ಈಜು ಕಲಿತರು.